ಐರಿನ್ ಉಜ್ಜಿ ತೆಗೆದ ಗಂಟು

ಲೂಯಿಸ್ ಬಾಬ್‌ರ ಹಲ್ಲಿನ ಲ್ಯಾಬ್ ಮಣಿಪಾಲದಲ್ಲಿ ಒಂದು ಝೆರಾಕ್ಸ್ ಅಂಗಡಿಯ ಮೇಲಿತ್ತು. ಕಡಿದಾದ ಮೆಟ್ಟಿಲು, ಮೆಟ್ಟಿಲಿಗೆಲ್ಲ ಪ್ಲಾಸ್ಟರಿನ ಬಿಳಿ ಹೆಜ್ಜೆ, ಒಳಗೆ ಹೋದರೆ ಕಪಾಟಿನ ತುಂಬ ಯಾರ್ಯಾರದ್ದೋ ಬಾಯಿಗಳು ಸಾಲಾಗಿ ನಗುತ್ತಿದ್ದವು. ಆ ನಗುವಿನ ನಡುವೆ ಇಪ್ಪತ್ತು ವರ್ಷದಿಂದ ಕೂತು ಕೆಲಸ ಮಾಡುತ್ತಿದ್ದವಳು ಐರಿನ್. ಉಡುಪಿಯ ವಕೀಲರೊಬ್ಬರ ಮೇಲಿನ ದವಡೆ, ಕಾರ್ಕಳದ ಟೀಚರ ಮುಂದಿನ ಎರಡು ಹಲ್ಲು ಎಲ್ಲ ಅವಳಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಆದರೆ ಅದೇ ವಕೀಲರು ಕಾಪುವಿನ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲೇ ಕೂತರೂ ಗುರುತು ಸಿಗುತ್ತಿರಲಿಲ್ಲ. ಲ್ಯಾಬಿಗೆ ಬರುವುದು ಬಾಯಿಯ ಅಚ್ಚು ಮಾತ್ರ. ಮುಖ ಡಾಕ್ಟರ ಹತ್ತಿರವೇ ಉಳಿಯುತ್ತದೆ.

ಅವಳ ಕೈಯ ಫಿನಿಶಿಂಗ್ ಅಂದರೆ ಅಷ್ಟು ಹೆಸರು! ಪ್ಲಾಸ್ಟರ್ ಎರೆದಾಗ ಗಾಳಿಗುಳ್ಳೆ ಎದ್ದು ಅಲ್ಲಲ್ಲಿ ಗಂಟು ಉಳಿಯುತ್ತದೆ. ಆ ಗಂಟನ್ನು ಕೆರೆದು, ಉಜ್ಜಿ, ಹೆಬ್ಬೆರಳಿನಿಂದ ಸವರಿ ನೋಡಿ, ಮತ್ತೆ ಉಜ್ಜಿ, ಕೊನೆಗೆ ಹೊಳೆಯಿಂದ ಹೆಕ್ಕಿದ ಕಲ್ಲಿನ ಹಾಗೆ ನುಣ್ಣಗೆ ಮಾಡಿಯೇ ಅವಳು ಕೆಳಗಿಡುತ್ತಿದ್ದಳು. ಅಪ್ಪ ಬೆಂಜಮಿನ್ ಕಾಪು ಪೇಟೆಯಲ್ಲಿ ಟೈಲರ್ ಆಗಿದ್ದವರು. ಅಂಗಿಯ ಒಳಮಗ್ಗುಲಿನ ಹೊಲಿಗೆ ಯಾರೂ ನೋಡುವುದಿಲ್ಲವೆಂದು ಗೊತ್ತಿದ್ದೂ ಬಿಚ್ಚಿ ಮತ್ತೆ ಹೊಲಿಯುತ್ತಿದ್ದ ಮನುಷ್ಯ. ಮಗಳಿಗೆ ಅದೇ ಹಟ ಬಂದಿತ್ತು.

ಎರಡು ಸಾವಿರದ ಎಂಟರ ಜನವರಿಯಲ್ಲಿ ಡಾಕ್ಟರ್ ಜಾಬಿರ್ ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದರು. ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ದವಡೆಯ ಆಪರೇಶನ್ ಮಾಡುವವರು, ಮೂವತ್ತೈದು ದಾಟಿರಲಿಲ್ಲ, ಮಾತು ಶುರು ಮಾಡಿದರೆ ಉಸಿರು ತೆಗೆದುಕೊಳ್ಳುವುದನ್ನೇ ಮರೆಯುವವರು. ಕೊಂಕಣಿಯವರ ಹಾಗೆ ಅವರೂ ಐರಿನ್‌ಗೆ ಬಾಯಿ, ಲ್ಯಾಬಿನ ಯಜಮಾನರಿಗೆ ಬಾಬ್ ಎಂದು ಮರ್ಯಾದೆ ಹಚ್ಚಿಯೇ ಕರೆಯುತ್ತಿದ್ದರು.

"ಐರಿನ್ ಬಾಯಿ, ಕೆಲಸ ಬಿಡಿ, ಇಲ್ಲಿ ನೋಡಿ ಸ್ವಲ್ಪ" ಎಂದು ಮೇಜಿನ ಮೇಲಿನ ಹಲ್ಲುಗಳನ್ನೆಲ್ಲ ಒತ್ತರಿಸಿ ಲ್ಯಾಪ್‌ಟಾಪ್ ತೆರೆದರು.

ಪರದೆಯ ಮೇಲೆ ಒಂದು ತಲೆಬುರುಡೆ ಗಿರಗಿರ ತಿರುಗಿತು. ಐರಿನ್ ಶಿಲುಬೆ ಗುರುತು ಹಾಕಿಕೊಂಡಳು.

"ಹೆದರಬೇಡಿ ಮಾರ್ರೆ, ಮನುಷ್ಯ ಬದುಕಿದ್ದಾನೆ. ತಿಮ್ಮಣ್ಣ ಅಂತ. ಬಾಗಲಕೋಟೆ ಕಡೆಯವರು, ಪರ್ಕಳದಲ್ಲಿ ಗಾರೆ ಕೆಲಸ. ಬಲಗೆನ್ನೆಯಲ್ಲಿ ತಂಬಾಕು ಇಟ್ಟು ಇಟ್ಟು ಕ್ಯಾನ್ಸರ್ ಆಗಿದೆ. ಬಲಬದಿಯ ದವಡೆ ತೆಗೀಲೇಬೇಕು."

ಆಮೇಲೆ ಅವರು ತೋರಿಸಿದ್ದನ್ನು ನೋಡಿ ಐರಿನ್‌ಗೆ ಕುರ್ಚಿ ಎಳೆದುಕೊಂಡು ಕೂರುವ ಹಾಗಾಯಿತು. ಸ್ಕ್ಯಾನ್ ಯಂತ್ರ ತಲೆಯನ್ನು ಒಂದೊಂದು ಮಿಲಿಮೀಟರಿಗೆ ಬ್ರೆಡ್ ಹೋಳಿನ ಹಾಗೆ ಚಿತ್ರ ತೆಗೆಯುತ್ತದೆ; ಕಂಪ್ಯೂಟರ್ ಆ ಹೋಳುಗಳನ್ನು ಒಂದರ ಮೇಲೊಂದು ಪೇರಿಸಿ ಇಡೀ ಎಲುಬು ನಿಲ್ಲಿಸುತ್ತದೆ. ಗೆಡ್ಡೆ ತಿಂದ ಬಲಬದಿಯನ್ನು ಅಳಿಸಿ, ಚೆನ್ನಾಗಿರುವ ಎಡಬದಿಯನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೂರಿಸಿದರೆ ಹೊಸ ದವಡೆ ಹೇಗಿರಬೇಕೆಂದು ಕತ್ತಿ ಹಿಡಿಯುವ ಮೊದಲೇ ಗೊತ್ತಾಗುತ್ತದೆ. ಕಾಲಿನ ಹೊರಬದಿಯ ಸಪೂರ ಎಲುಬನ್ನು ಎಲ್ಲಿ ತುಂಡು ಮಾಡಿ, ಎಷ್ಟು ಓರೆ ಮಾಡಿ ಅಲ್ಲಿ ಜೋಡಿಸಬೇಕೆಂಬುದೂ ಗೊತ್ತಾಗುತ್ತದೆ.

"ಕಾಲಿನ ಎಲುಬು ಬಾಯಿಗಾ?" ಎಂದು ಲೂಯಿಸ್ ಬಾಬ್ ಒಳಗಿನಿಂದ ಕೂಗಿದರು. "ಹಾಗಾದರೆ ಅವನು ಓಡುವಾಗ ಊಟ ಮಾಡಿದ ಹಾಗಾಗ್ತದಾ?"

"ನಿಮ್ಮ ಎಲುಬು ಮಾತ್ರ ತೆಗೀಲಿಕ್ಕಿಲ್ಲ ಲೂಯಿಸ್ ಬಾಬ್, ಎಲ್ಲ ಕೊಬ್ಬಿನೊಳಗೆ ಹೂತುಹೋಗಿದೆ" ಎಂದರು ಜಾಬಿರ್. ಬೆಂಗಳೂರಿನ ಒಂದು ಕಂಪನಿ ಕಂಪ್ಯೂಟರಿನ ಈ ದವಡೆಯನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚುಕಟ್ಟಾಗಿ ಮಾಡಿ ಕಳಿಸುತ್ತದೆ, ಎಲುಬು ಹಿಡಿದಿಡುವ ಟೈಟಾನಿಯಂ ಪಟ್ಟಿಯನ್ನು ಅದರ ಮೇಲೆ ಮೊದಲೇ ಬಗ್ಗಿಸಿಟ್ಟರೆ ಆಪರೇಶನ್ನಿನಲ್ಲಿ ಎರಡು ಗಂಟೆ ಉಳಿಯುತ್ತದೆ, ಬಗ್ಗಿಸಲು ಐರಿನ್ ಬಾಯಿಯ ಕೈಯೇ ಬೇಕು. ಇದು ಅವರು ಬಂದ ಕೆಲಸ.

ಐರಿನ್‌ಗೆ ಆ ದಿನ ಕಾಪುವಿಗೆ ಹೋಗುವ ಬಸ್ಸು ಹಾರಿಕೊಂಡು ಹೋದ ಹಾಗಿತ್ತು. ನಿಂತುಕೊಂಡೇ ಹೋಗಿದ್ದಳು, ಗೊತ್ತೇ ಆಗಲಿಲ್ಲ.

ಪ್ಲಾಸ್ಟಿಕ್ ದವಡೆ ಕೊರಿಯರಿನಲ್ಲಿ ಬಂತು. ಹಾಲಿನ ಬಣ್ಣ, ಹಗುರ, ಎಲುಬಿನ ಸಣ್ಣ ಸಣ್ಣ ತೂತು ಕೂಡ ಇತ್ತು. ತಯಾರು ಮಾಡುವಾಗ ಅಲುಗಾಡದಂತೆ ಇಟ್ಟ ಆಧಾರದ ಕಡ್ಡಿಗಳ ಮೊಂಡು ಕೆಲವು ಕಡೆ ಉಳಿದಿರುತ್ತದೆ, ಉಜ್ಜಿ ತೆಗೆಯಬೇಕು ಎಂದು ಜೊತೆಗೆ ಚೀಟಿ. ಉಜ್ಜುವುದು ಐರಿನ್‌ಗೆ ಯಾರಾದರೂ ಹೇಳಿಕೊಡಬೇಕೇ! ಒಂದು ಮೊಂಡು ತೆಗೆದಳು, ಎರಡು ತೆಗೆದಳು, ಆರು ತೆಗೆದಳು. ಗದ್ದದ ನಡುವಿನಿಂದ ತುಸು ಎಡಕ್ಕೆ ಒಂದು ಗಂಟಿತ್ತು, ಉಳಿದವಕ್ಕಿಂತ ಅಗಲ, ಬುಡ ಹರಡಿಕೊಂಡದ್ದು. ಹೆಬ್ಬೆರಳಿನಿಂದ ಸವರಿದಳು. ಗಂಟು ಅಂದರೆ ಗಂಟೇ. ಅದನ್ನೂ ಉಜ್ಜಿದಳು. ಬಿಳಿ ಪುಡಿಯನ್ನು ಉಫ್ ಎಂದು ಊದಿ, ನುಣ್ಣಗಾದ ಗದ್ದದ ಮೇಲೆ ಪಟ್ಟಿ ಇಟ್ಟು, ಇಕ್ಕಳದಿಂದ ಸ್ವಲ್ಪ ಸ್ವಲ್ಪವೇ ಬಗ್ಗಿಸಿ, ಚರ್ಮಕ್ಕೆ ಅಂಟಿದ ಅಂಗಿಯ ಹಾಗೆ ಕೂರಿಸಿದಳು.

ಜಾಬಿರ್ ವಾರ್ಡಿಗೆ ಓಡುವ ಅವಸರದಲ್ಲಿ ನಿಂತುಕೊಂಡೇ ನೋಡಿ "ಮಾಶಾ ಅಲ್ಲಾ!" ಎಂದರು. ಪಟ್ಟಿ ಆಸ್ಪತ್ರೆಗೆ ಹೋಯಿತು. ಫೆಬ್ರವರಿ ಏಳು, ಗುರುವಾರ ಆಪರೇಶನ್ ಎಂದು ನಿಕ್ಕಿಯಾಯಿತು.

ಅದೇ ವಾರದ ಸೋಮವಾರ ಐರಿನ್ ವಾರ್ಡಿಗೆ ಹೋಗಬೇಕಾಗಿ ಬಂತು. ಆಪರೇಶನ್ ಹೊತ್ತಿಗೆ ಮೇಲಿನ ಹಲ್ಲಿಗೆ ಸಿಕ್ಕಿಸುವ ಅಕ್ರಿಲಿಕ್ ತಟ್ಟೆಯೊಂದನ್ನು ಅವಳು ಮಾಡಿದ್ದಳು; ಎಲ್ಲಾದರೂ ಚುಚ್ಚುತ್ತದೋ ನೋಡಿ ಅಲ್ಲೇ ಸರಿ ಮಾಡಿ ಕೊಡಿ ಎಂದಿದ್ದರು ಜಾಬಿರ್. ಹಾಸಿಗೆಯ ಮೇಲೆ ತಿಮ್ಮಣ್ಣ ಕೂತಿದ್ದ: ಐವತ್ತರ ಹತ್ತಿರದ ಮನುಷ್ಯ, ಕುರುಚಲು ಗಡ್ಡ, ಬಲಗೆನ್ನೆ ಉಬ್ಬಿ ಕಣ್ಣನ್ನೇ ಸಣ್ಣದು ಮಾಡಿತ್ತು. ಪಕ್ಕದಲ್ಲಿ ಹೆಂಡತಿ ಲಕ್ಕವ್ವ ಸ್ಟೀಲಿನ ಲೋಟದಲ್ಲಿ ಅಂಬಲಿ ಆರಿಸುತ್ತಿದ್ದಳು.

"ಇವರ ನೋಡ್ರಿ, ನಿಮ್ಮ ಬಾಯಿ ಮಾಡೋ ಅಕ್ಕಾರು" ಎಂದಳು ಲಕ್ಕವ್ವ ಗಂಡನಿಗೆ.

"ಚಂದಂಗ ಮಾಡ್ರಿ ಅಕ್ಕಾರ" ಎಂದ ತಿಮ್ಮಣ್ಣ, ಎರಡು ಬೆರಳು ಹೋಗುವಷ್ಟೇ ಬಾಯಿ ತೆರೆದು. "ಮದಲಿನ ಬಾಯಿಗೆ ಇಕೀ ಮುಂದ ಮಾತಾಡಾಕ ಧೈರ್ಯ ಇರಲಿಲ್ಲ. ಹೊಸಾದು ಜೋರ ಇರ್ಲಿ."

ಐರಿನ್ ನಗುತ್ತಲೇ ತಟ್ಟೆ ಸಿಕ್ಕಿಸಲು ಅವನ ಗದ್ದ ಹಿಡಿದಳು. ಹೆಬ್ಬೆರಳು ಅಲ್ಲೇ ನಿಂತಿತು. ನಡುವಿನಿಂದ ತುಸು ಎಡಕ್ಕೆ, ಚರ್ಮದ ಕೆಳಗೆ, ಅಗಲದ್ದು, ಬುಡ ಹರಡಿಕೊಂಡದ್ದು.

"ಇದೆಂತ ಇಲ್ಲಿ?"

"ಅದು ಹಳೇದು ಬಿಡ್ರಿ" ಎಂದಳು ಲಕ್ಕವ್ವ. "ಎಂಟ ವರ್ಷಾತು. ಕಾರ್ಕಳದಾಗ ಒಂದು ಲಾಡ್ಜ್ ಕಟ್ಟಾಕತ್ತಿದ್ರು, ಹಲಗಿ ಮುರದು ಕೆಳಗ ಬಿದ್ರು. ಗದ್ದ ಕಲ್ಲಿಗೆ ಬಡೀತು. ದವಾಖಾನಿಗೆ ಹೋಗಲಿಲ್ಲ, ಅರಿವಿ ಬಿಗದು ಕುಂಡ್ರಿಸಿದೆ. ಇಪ್ಪತ್ತೊಂದ ದಿನ ಬರೇ ಅಂಬಲಿ. ಎಲುಬು ತಾನ ಕೂಡಿತು, ಆದ್ರ ಗಂಟು ಎದ್ದು ಕುಂತೈತಿ."

"ಆ ಕಲ್ಲು ಇನ್ನೂ ಸುಧಾರಿಸಿಕೊಂಡಿಲ್ಲಂತ" ಎಂದ ತಿಮ್ಮಣ್ಣ.

ಐರಿನ್ ತಟ್ಟೆ ಸಿಕ್ಕಿಸಿದಳು, ತೆಗೆದಳು, ಸರಿಯಿದೆ ಎಂದಳು. ವಾರ್ಡಿನ ಹೊರಗೆ ಬಂದಳು. ಅವಳು ಉಜ್ಜಿ ತೆಗೆದದ್ದು ಕಡ್ಡಿಯ ಮೊಂಡಲ್ಲ, ಈ ಮನುಷ್ಯನ ಎಲುಬು. ಗಂಟಿಲ್ಲದ ಗದ್ದಕ್ಕೆ ಬಗ್ಗಿಸಿದ ಪಟ್ಟಿ ಗಂಟಿರುವ ಗದ್ದದ ಮೇಲೆ ಏರುಪೇರಾಗಿ ಕೂರುತ್ತದೆ. ಗೊತ್ತಿಲ್ಲದೆ ಸ್ಕ್ರೂ ಬಿಗಿದರೆ ಇಡೀ ದವಡೆಯೇ ಓರೆಯಾಗಿ ಹಲ್ಲಿಗೆ ಹಲ್ಲು ಕೂಡುವುದಿಲ್ಲ. ಅವನು ಜೀವನಪೂರ್ತಿ ರೊಟ್ಟಿ ಅಗಿಯಲಾರ.

ಈಗಲೇ ಹೋಗಿ ಹೇಳಬೇಕು. ಜಾಬಿರ್ ಎರಡು ಕೋಣೆ ಆಚೆಗಿದ್ದರು. ಅವರ ನಗು ಕೇಳಿಸುತ್ತಿತ್ತು. ಐರಿನ್ ಎರಡು ಹೆಜ್ಜೆ ಹೋದಳು. ಇಪ್ಪತ್ತು ವರ್ಷ ಯಾರೂ ಅವಳ ಕೆಲಸ ವಾಪಸು ಕಳಿಸಿರಲಿಲ್ಲ. ನಾಳೆ ಹೇಳುವಾ ಎಂದುಕೊಂಡು ಮೆಟ್ಟಿಲು ಇಳಿದಳು.

ಮಂಗಳವಾರ ಲ್ಯಾಬಿನಲ್ಲಿ ಫೋನನ್ನು ಮೂರು ಸಲ ಎತ್ತಿ ಮೂರು ಸಲವೂ ಕೆಳಗಿಟ್ಟಳು. ಬಹುಶಃ ಪಟ್ಟಿ ಹೇಗೂ ಕೂರುತ್ತದೆ. ಬಹುಶಃ ಡಾಕ್ಟರೇ ನೋಡಿ ಸರಿ ಮಾಡುತ್ತಾರೆ. ಬಹುಶಃ, ಬಹುಶಃ ಎನ್ನುತ್ತಲೇ ಸಂಜೆಯಾಯಿತು. ಮನೆಯಲ್ಲಿ ತಂಗಿ ಕ್ಲಾರಾ ಮೀನು ಬಡಿಸಿ ಎದುರಿಗೇ ಕೂತಳು.

"ಎಂತ ಆಯ್ತು ನಿಂಗೆ? ಬಂಗುಡೆಯ ಮುಳ್ಳನ್ನೇ ತಿಂತಾ ಇದ್ದಿ, ಮಾಂಸ ಬದಿಗೆ ಇಟ್ಟಿದ್ದಿ."

"ತಲೆನೋವು."

"ಎರಡು ದಿನದಿಂದ ತಲೆನೋವು. ಯಾರ ಹಲ್ಲು ಯಾರಿಗೆ ಕೊಟ್ಟಿ, ಹೇಳು?"

ತಮಾಷೆಗೆ ಹೇಳಿದ್ದು. ಐರಿನ್ ತಟ್ಟೆ ಬಿಟ್ಟು ಎದ್ದಳು.

ಮರುದಿನ ವಿಭೂತಿ ಬುಧವಾರ. ನಲವತ್ತು ದಿನದ ಉಪವಾಸ ಶುರುವಾಗುವ ದಿನ. ಬೆಳಗಿನ ಪೂಜೆಯಲ್ಲಿ ಪಾದ್ರಿಗಳು ಹಣೆಗೆ ಬೂದಿಯ ಶಿಲುಬೆ ಹಚ್ಚಿ, ನೀನು ಮಣ್ಣು, ಮಣ್ಣಿಗೇ ಹೋಗುವವಳು ಎಂದಾಗ ಐರಿನ್‌ಗೆ ಮಣ್ಣಿನ ಚಿಂತೆ ಬರಲಿಲ್ಲ, ಎಲುಬಿನ ಚಿಂತೆ ಬಂತು. ಇಗರ್ಜಿಯಿಂದ ನೇರ ಬಸ್ಸು ಹತ್ತಿದಳು. ಉಡುಪಿಯಲ್ಲಿ ಇಳಿದು, ಕಂಡಕ್ಟರ್ "ಮಣಿಪಾಲ್, ಮಣಿಪಾಲ್!" ಎಂದು ಕೂಗುವ ಮೊದಲೇ ಇನ್ನೊಂದು ಬಸ್ಸಿನ ಬಾಗಿಲಲ್ಲಿದ್ದಳು.

"ಐರಿನ್ ಬಾಯಿ, ಹಣೆಯಲ್ಲಿ ಎಂತ? ಓ, ನಿಮ್ಮ ಉಪವಾಸ ಶುರುವಾ? ನಮ್ಮ ರಂಜಾನಿಗೆ ಇನ್ನೂ ತಿಂಗಳುಗಟ್ಟಲೆ ಉಂಟು, ನಾನು ಬಿರಿಯಾನಿ ತಿನ್ನಬಹುದು" ಎಂದು ಆಸ್ಪತ್ರೆಯ ತಮ್ಮ ಕೋಣೆಯಲ್ಲಿ ಕೂತಿದ್ದ ಜಾಬಿರ್ ನಕ್ಕರು.

ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಗಂಟು, ಉಜ್ಜಿದ್ದು, ಊದಿದ್ದು, ಕಾರ್ಕಳದ ಕಲ್ಲು. ಜಾಬಿರ್‌ರ ಮುಖದಿಂದ ನಗು ಒಂದೇ ಸಲ ಇಳಿಯಲಿಲ್ಲ, ಸ್ವಲ್ಪ ಸ್ವಲ್ಪವೇ ಇಳಿಯಿತು. ಲ್ಯಾಪ್‌ಟಾಪ್ ತೆರೆದರು. ತಲೆಬುರುಡೆ ತಿರುಗಿ ಗದ್ದ ಎದುರಿಗೆ ಬಂತು. ಗಂಟು ಅಲ್ಲೇ ಇತ್ತು, ಅಷ್ಟು ದಿನವೂ ಇತ್ತು.

"ನಾನೂ ನೋಡಬೇಕಿತ್ತು" ಎಂದರು. "ನಿಂತುಕೊಂಡೇ ಮಾಶಾ ಅಲ್ಲಾ ಅಂದುಬಿಟ್ಟೆ."

"ಆಪರೇಶನ್ ಮುಂದಕ್ಕೆ ಹಾಕ್ಲಿಕ್ಕೆ ಆಗ್ತದಾ ಡಾಕ್ಟ್ರೇ?"

"ಇಲ್ಲ. ಥಿಯೇಟರ್ ಮತ್ತೆ ಸಿಗುವುದು ಹನ್ನೆರಡು ದಿನದ ಮೇಲೆ. ಅಷ್ಟರಲ್ಲಿ ಗೆಡ್ಡೆ ನಾವು ಕಂಪ್ಯೂಟರಲ್ಲಿ ಎಳೆದ ಗೆರೆ ದಾಟಿ ಹೋಗ್ತದೆ. ಆಮೇಲೆ ಈ ಲೆಕ್ಕಾಚಾರ ಯಾವುದಕ್ಕೂ ಬೇಡ." ಸ್ವಲ್ಪ ಯೋಚಿಸಿ ಅಂದರು: "ಇದೇ ಪಟ್ಟಿಯನ್ನು ಮತ್ತೆ ಬಗ್ಗಿಸಬೇಕು. ಒಂದೇ ಜಾಗದಲ್ಲಿ ಎರಡು ಸಲ ಬಗ್ಗಿಸಿದರೆ ಟೈಟಾನಿಯಂಗೆ ಸುಸ್ತಾಗ್ತದೆ. ಈಗ ಕಾಣುವುದಿಲ್ಲ. ಒಂದು ವರ್ಷವೋ ಮೂರು ವರ್ಷವೋ ಆದ ಮೇಲೆ ಅಗಿಯುವಾಗ ಮುರಿಯಬಹುದು, ಮುರಿಯದೆಯೂ ಇರಬಹುದು. ಎರಡು ದಿನ ಮೊದಲು ಗೊತ್ತಾಗಿದ್ದರೆ ಬೆಂಗಳೂರಿನಿಂದ ಬೇರೆ ಪಟ್ಟಿ ಬಸ್ಸಿನಲ್ಲೇ ತರಿಸ್ತಿದ್ದೆ." ಆಮೇಲೆ, ಸಿಟ್ಟಿಲ್ಲದೆ, ಸುಮ್ಮನೆ ಕೇಳುವ ಹಾಗೆ ಕೇಳಿದರು: "ನಿಮಗೆ ಯಾವಾಗ ಗೊತ್ತಾಯ್ತು?"

ಸೋಮವಾರ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು.

"ನಿನ್ನೆ ಸಂಜೆ" ಎಂದಳು ಐರಿನ್. "ಮನೆಗೆ ಹೋದ ಮೇಲೆ. ಕೂತು ಯೋಚಿಸುವಾಗ."

"ಕೂಡಲೇ ಬಂದಿರಲ್ಲ, ಅದು ದೊಡ್ಡದು" ಎಂದರು ಜಾಬಿರ್. ಅವಳ ಹಣೆಯ ಬೂದಿ ಬೆವರಿಗೆ ಹುಬ್ಬಿನ ತನಕ ಇಳಿದಿತ್ತು.

ಮಧ್ಯಾಹ್ನವಿಡೀ ಇಬ್ಬರೂ ಲ್ಯಾಬಿನಲ್ಲಿ ಕೂತರು. ಗಂಟು ಸ್ಕ್ಯಾನಿನ ಹನ್ನೊಂದು ಹೋಳುಗಳಲ್ಲಿ ಕಾಣುತ್ತಿತ್ತು. ಜಾಬಿರ್ ಒಂದೊಂದು ಹೋಳನ್ನೂ ಪರದೆಗೆ ತಂದು, ಅಳೆದು ಓದಿದರು: "ಒಂದೂವರೆ ಮಿಲಿಮೀಟರ್. ಎರಡೂಕಾಲು. ಮೂರು. ಮೂರು ಮುಕ್ಕಾಲು, ಇದು ನೆತ್ತಿ." ಐರಿನ್ ಕುಂಚವನ್ನು ಅಕ್ರಿಲಿಕ್‌ನ ದ್ರವದಲ್ಲಿ ಅದ್ದಿ, ಪುಡಿಗೆ ಮುಟ್ಟಿಸಿ, ತುದಿಗೆ ಬಂದ ಗುಲಾಬಿ ಹನಿಯನ್ನು ಬಿಳಿ ದವಡೆಯ ಮೇಲೆ ಇಟ್ಟು, ಗಟ್ಟಿಯಾದ ಮೇಲೆ ಕ್ಯಾಲಿಪರಿನಿಂದ ಅಳೆದು, ಸಾಲದಿದ್ದರೆ ಇನ್ನೊಂದು ಹನಿ ಇಟ್ಟಳು. ಹಿಂದೆಂದೂ ಅವಳು ಗಂಟು ಕಟ್ಟಿದವಳಲ್ಲ. ಒರಟಾಗಿರುವುದನ್ನು ಒರಟಾಗಿಯೇ ಬಿಡಲು ಕೈ ಒಪ್ಪುತ್ತಿರಲಿಲ್ಲ. ಎರಡು ಸಲ ಉಜ್ಜುವ ಕಲ್ಲು ಎತ್ತಿಕೊಂಡಳು, ಎರಡು ಸಲವೂ ಜಾಬಿರ್ "ಬಾಯಿ, ಬೇಡ" ಎಂದರು. ಲೂಯಿಸ್ ಬಾಬ್ ಒಂದು ತಮಾಷೆಯನ್ನೂ ಮಾಡದೆ ಇಬ್ಬರಿಗೂ ಚಾ ತಂದಿಟ್ಟರು. ಐರಿನ್ ಉಪವಾಸವೆಂದು ಮುಟ್ಟಲಿಲ್ಲ.

ಕೊನೆಗೆ ಪಟ್ಟಿಯನ್ನು ಇಕ್ಕಳಕ್ಕೆ ಕೊಟ್ಟಳು. ಗದ್ದದ ಬದಿಯ ಎರಡು ತೂತುಗಳ ನಡುವೆ ಅದು ಮೊದಲು ಬಗ್ಗಿದಲ್ಲೇ ಮತ್ತೆ ಬಗ್ಗಿತು. ಕೈಗೆ ಗೊತ್ತಾಯಿತು, ಮೊದಲಿನಷ್ಟು ಬಿಗಿ ಅದರಲ್ಲಿರಲಿಲ್ಲ.

ಗುರುವಾರದ ಆಪರೇಶನ್ ಒಂಬತ್ತು ಗಂಟೆ ಹಿಡಿಯಿತು. ಗಂಟಿನ ಮೇಲೆ ಪಟ್ಟಿ ಸದ್ದಿಲ್ಲದೆ ಕೂತಿತಂತೆ. ಕಾಲಿನ ಎಲುಬು ಎರಡು ತುಂಡಾಗಿ ದವಡೆಯ ಬಾಗು ಹಿಡಿಯಿತು, ಹಲ್ಲಿಗೆ ಹಲ್ಲು ಕೂಡಿತು. ಮೂಗಿನ ನಳಿಗೆಯಿಂದ ಅಂಬಲಿ, ಆಮೇಲೆ ಚಮಚದಿಂದ ಗಂಜಿ, ಆಮೇಲೆ ಹಾಲಿನಲ್ಲಿ ನೆನೆಸಿದ ರೊಟ್ಟಿ. ಮಳೆಗಾಲದ ಹೊತ್ತಿಗೆ ತಿಮ್ಮಣ್ಣ ಪರ್ಕಳದ ಒಂದು ಹೊಸ ಕಟ್ಟಡಕ್ಕೆ ಕಾವಲು ಕೂತ. ಗಾರೆ ಎತ್ತಲು ಕಾಲಿಗೆ ಬಲ ಸಾಲದು, ಆದರೆ ಹೋಗುವ ಬರುವವರನ್ನೆಲ್ಲ ನಿಲ್ಲಿಸಿ ಮಾತಾಡಿಸಲು ಬಾಯಿಗೆ ಬಲ ಬಂದಿತ್ತು.

ಲಕ್ಕವ್ವ ಎರಡು ವಾರಕ್ಕೊಮ್ಮೆ ಲ್ಯಾಬಿನ ಮೆಟ್ಟಿಲು ಹತ್ತುತ್ತಿದ್ದಳು. ತಲೆಯ ಮೇಲೆ ಸಿಮೆಂಟು ಹೊತ್ತ ಗುರುತು ಸೀರೆಯಲ್ಲಿ, ಕೈಯಲ್ಲಿ ಬಟ್ಟೆಯ ಗಂಟಿನೊಳಗೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. "ಇವತ್ತ ಅರ್ಧ ರೊಟ್ಟಿ ಅಗದ್ರು ಅಕ್ಕಾರ! ನಿಮ್ಮ ಕೈ ಪುಣ್ಯ" ಎಂದು ಐರಿನ್‌ಳ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಅಗದ್ರು ಎಂಬ ಮಾತು ಕೇಳಿದಾಗೆಲ್ಲ ಐರಿನ್‌ಗೆ ಕಾಣುತ್ತಿದ್ದುದು ಆ ಎರಡು ತೂತುಗಳು. ಅರ್ಧ ರೊಟ್ಟಿ, ಎಷ್ಟು ಸಲ ಅಗಿದಿರಬಹುದು? ಲಕ್ಕವ್ವ ಹೋದ ಮೇಲೆ ರೊಟ್ಟಿಯನ್ನು ಲೂಯಿಸ್ ಬಾಬ್‌ಗೆ ಕೊಟ್ಟುಬಿಡುತ್ತಿದ್ದಳು. ಅವರು ಚಪ್ಪರಿಸಿ ತಿನ್ನುವ ಸದ್ದಿಗೆ ಅವಳಿಗೆ ಅಲ್ಲಿ ಕೂರಲಾಗುತ್ತಿರಲಿಲ್ಲ.

ಒಂದು ವರ್ಷವಾಯಿತು. ಜಾಬಿರ್ ಹಲ್ಲಿನ ಡಾಕ್ಟರಿಕೆ ಓದುವ ಹುಡುಗ ಹುಡುಗಿಯರಿಗೆ ಕಂಪ್ಯೂಟರ್ ಯೋಜನೆಯ ಬಗ್ಗೆ ಒಂದು ಬೆಳಗ್ಗೆ ಮಾತಾಡುವುದೆಂದು ನಿಕ್ಕಿಯಾಯಿತು. ತಿಮ್ಮಣ್ಣನನ್ನೂ ಲಕ್ಕವ್ವನನ್ನೂ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಐರಿನ್‌ಗೆ ಅವರ ಪಕ್ಕದ ಕುರ್ಚಿ. ಬಿಳಿ ದವಡೆ, ಅದರ ಮೇಲಿನ ಗುಲಾಬಿ ಗಂಟು ಕೈಯಿಂದ ಕೈಗೆ ಹೋಯಿತು. ಹುಡುಗಿಯರು ಮೊಬೈಲಿನಲ್ಲಿ ಫೋಟೋ ತೆಗೆದರು.

"ಯಂತ್ರ ತಪ್ಪು ಮಾಡಲಿಲ್ಲ, ನಾವು ಮಾಡಿದೆವು" ಎಂದರು ಜಾಬಿರ್. "ಆದರೆ ನೋಡಿ, ಐರಿನ್ ಬಾಯಿ ಗೊತ್ತಾದ ಕೂಡಲೇ, ಮರುದಿನ ಬೆಳಗ್ಗೆಯೇ, ಓಡಿ ಬಂದು ಹೇಳಿದರು. ಇದನ್ನು ಕಲಿಯಿರಿ. ಸಾಫ್ಟ್‌ವೇರ್ ಯಾರು ಬೇಕಾದರೂ ಕಲೀತಾರೆ."

ಇನ್ನೂರು ಕೈಗಳು ಚಪ್ಪಾಳೆ ತಟ್ಟಿದವು. ಲಕ್ಕವ್ವ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಐರಿನ್‌ಗೆ ಆ ಒಬ್ಬಳ ಕೈಗಳ ಸದ್ದು ಮಾತ್ರ ಕೇಳಿಸಿತು. ಅವಳು ಎದ್ದು ನಿಂತಳು.

"ಹಾಗಲ್ಲ" ಎಂದಳು. ಚಪ್ಪಾಳೆ ನಿಲ್ಲಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು. "ಹಾಗಲ್ಲ ಡಾಕ್ಟ್ರೇ. ಸೋಮವಾರವೇ ಗೊತ್ತಾಗಿತ್ತು ನನಗೆ. ಇವರ ಗದ್ದ ಹಿಡಿದಾಗಲೇ. ಎರಡು ದಿನ ಬಾಯಿ ಮುಚ್ಚಿಕೊಂಡು ಕೂತೆ. ಸೋಮವಾರ ಹೇಳಿದ್ದರೆ ಹೊಸ ಪಟ್ಟಿ ಬರ್ತಿತ್ತು. ನಿಮ್ಮ ಹತ್ತಿರ ಸುಳ್ಳು ಹೇಳಿದೆ."

ಯಾರೋ ಹಿಂದಿನ ಸಾಲಿನಲ್ಲಿ ಕೆಮ್ಮಿದರು. ಜಾಬಿರ್ ದವಡೆಯನ್ನು ಹುಡುಗಿಯೊಬ್ಬಳ ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟರು, ಸರಿಸಿ ಇನ್ನೊಂದು ಕಡೆ ಇಟ್ಟರು. "ಕೂತುಕೊಳ್ಳಿ ಬಾಯಿ" ಎಂದರು, ಅಷ್ಟೇ. ಮುಂದಿನ ಚಿತ್ರಕ್ಕೆ ಹೋದರು. ದನಿಯಲ್ಲಿ ಮೊದಲಿನ ಓಟ ಇರಲಿಲ್ಲ.

ಹೊರಗೆ ಬಾದಾಮಿ ಮರದ ಕೆಳಗೆ ಲಕ್ಕವ್ವ ಕಾಯುತ್ತಿದ್ದಳು. ತಿಮ್ಮಣ್ಣ ಸ್ವಲ್ಪ ದೂರ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ.

"ನೀವು ಒಳಗ ಹೇಳಿದ್ದು ನನಗ ಪೂರ್ತಿ ತಿಳೀಲಿಲ್ಲ" ಎಂದಳು ಲಕ್ಕವ್ವ. ಈ ಸಲ ಕೈ ಹಿಡಿಯಲಿಲ್ಲ. "ಇನ್ನೊಮ್ಮೆ ಹೇಳ್ರಿ. ನನಗ ತಿಳಿಯೋ ಹಂಗ."

ಐರಿನ್ ಹೇಳಿದಳು. ತಂತಿಯನ್ನು ಒಂದೇ ಕಡೆ ಆಚೆ ಈಚೆ ಬಗ್ಗಿಸಿದರೆ ಏನಾಗುತ್ತದೆಂದು ಕಟ್ಟಡದಲ್ಲಿ ಕಬ್ಬಿಣದ ಸರಳಿಗೆ ತಂತಿ ಬಿಗಿಯುವವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಲಕ್ಕವ್ವ ತುಟಿ ಬಿಗಿದು ಕೇಳಿದಳು.

"ನಾ ನಿಮ್ಮ ಕೈ ಕಣ್ಣಿಗೊತ್ತಿಕೊಂಡೆ" ಎಂದಳು. "ಅವಾಗರ ಹೇಳಬಾರದಿತ್ತೇನ್ರಿ?"

"ಹೇಳಬೇಕಿತ್ತು."

"ಮುರದೈತೇನ ಈಗ?"

"ಗೊತ್ತಿಲ್ಲ ಲಕ್ಕವ್ವ. ಎಕ್ಸ್‌ರೇ ತೆಗೆದು ನೋಡಬೇಕು."

ಕಟ್ಟೆಯ ಮೇಲಿಂದ ತಿಮ್ಮಣ್ಣ ಕೂಗಿದ: "ಲೇ, ಅವರನ ಬಿಡ. ನನಗ ಹಸಿವಿ ಆಗೇತಿ."

"ನೀವು ಸುಮ್ಕ ಕುಂದರ್ರಿ. ಏನೂ ಅಗೀಬ್ಯಾಡ್ರಿ!" ಎಂದು ಲಕ್ಕವ್ವ ತಿರುಗಿ ಗದರಿದಳು. ಆಮೇಲೆ ಐರಿನ್ ಕಡೆಗೆ: "ನಡೀರಿ. ಈಗ ತೆಗಿಸೋಣು. ನೀವ ನಿಂತು ತೆಗಿಸಬೇಕು, ನೀವ ನೋಡಿ ಹೇಳಬೇಕು. ಇದೊಂದ ಸಲ ಅಲ್ಲ, ವರ್ಷಾ ವರ್ಷಾ. ನಾ ಕರೀಲಿಲ್ಲಂದ್ರೂ ಬರಬೇಕು."

ಐರಿನ್ ತಲೆಯಾಡಿಸಿದಳು. ಅದು ಕ್ಷಮೆಯಲ್ಲ ಎಂದು ಅವಳಿಗೆ ಗೊತ್ತಿತ್ತು. ಮೂವರೂ ಸಾಲಾಗಿ ನಡೆದರು: ಮುಂದೆ ಲಕ್ಕವ್ವ, ನಡುವೆ ಕುಂಟುತ್ತ ತಿಮ್ಮಣ್ಣ, ಹಿಂದೆ ಐರಿನ್.

ಎಕ್ಸ್‌ರೇ ಕೋಣೆಯ ಹುಡುಗಿ ಇನ್ನೂ ಒದ್ದೆಯಿದ್ದ ಫಿಲ್ಮನ್ನು ಐರಿನ್‌ಳ ಕೈಗೆ ಕೊಟ್ಟಳು. ಕಿಟಕಿಗೆ ಎತ್ತಿ ಹಿಡಿದಳು. ಬಿಳಿ ಪಟ್ಟಿ, ಸ್ಕ್ರೂಗಳು, ಗದ್ದದ ಬದಿಯ ಎರಡು ತೂತುಗಳು. ಅವುಗಳ ನಡುವೆ ಕಪ್ಪು ಗೆರೆಯೇನಾದರೂ ಉಂಟೋ ಎಂದು ಹುಡುಕಿದಳು, ಫಿಲ್ಮನ್ನು ಓರೆ ಮಾಡಿ ಮತ್ತೆ ಹುಡುಕಿದಳು.

"ಮುರಿದಿಲ್ಲ" ಎಂದಳು. "ಇವತ್ತಿಗೆ ಮುರಿದಿಲ್ಲ."

ಲಕ್ಕವ್ವ ಫಿಲ್ಮನ್ನು ಕಿತ್ತುಕೊಂಡು, ತನಗೇನೂ ತಿಳಿಯದ ಆ ಕಪ್ಪು ಬಿಳುಪನ್ನು ಬಹಳ ಹೊತ್ತು ನೋಡಿದಳು.

"ಮುಂದಿನ ವರ್ಷ ಯಾವಾಗ ಬರ್ತೀರಿ, ತಾರೀಕು ಹೇಳ್ರಿ" ಎಂದಳು.